ಸಾಕ್ಷ್ಯಚಿತ್ರಕ್ಕೆ ಸಂಗೀತ: ನುಡಿಸುವುದೆಲ್ಲಿ, ನಿಲ್ಲಿಸುವುದೆಲ್ಲಿ?



ಟೆಲಿವಿಷನ್ನಿನಲ್ಲಿ ಸಾಕ್ಷ್ಯಚಿತ್ರವೊಂದು ಪ್ರಸಾರವಾಗುತ್ತಿರುವಾಗ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮೊದಲು ಎರಡು ನಿಮಿಷ ಧ್ವನಿಯನ್ನು ಪೂರ್ತಿ ನಿಲ್ಲಿಸಿ ಬರಿಯ ಚಿತ್ರಗಳನ್ನು ನೋಡಿ. ಆಮೇಲೆ ಎರಡು ನಿಮಿಷ ಪರದೆಗೆ ಬೆನ್ನು ಹಾಕಿ ಕುಳಿತು ಬರಿಯ ಧ್ವನಿಯನ್ನು ಕೇಳಿ. ಆಗ ನಿಮ್ಮ ಕಿವಿಗೆ ಮೂರು ಬಗೆಯ ಧ್ವನಿಗಳು ಬೀಳುತ್ತವೆ. ಒಂದು, ಜನರ ಮಾತು. ಎರಡು, ಆ ಸ್ಥಳದ ಸದ್ದು. ಮೂರು, ಸಂಗೀತ. ಮೊದಲೆರಡು ಕ್ಯಾಮೆರಾದ ಎದುರಿಗೆ ನಡೆದದ್ದರ ದಾಖಲೆ. ಸಂಗೀತ ಹಾಗಲ್ಲ. ಅದು ಅಲ್ಲಿ ಇರಲಿಲ್ಲ. ಯಾರೋ ಒಬ್ಬರು ಆಮೇಲೆ ಕುಳಿತು ಬರೆದು, ನುಡಿಸಿ, ತಂದು ಸೇರಿಸಿದ್ದು.

ಕಥಾಚಿತ್ರದಲ್ಲಿ ಇದರಿಂದ ತೊಂದರೆಯೇನಿಲ್ಲ. ಅಲ್ಲಿ ಎಲ್ಲವೂ ಸೇರಿಸಿದ್ದೇ. ಆದರೆ ನಿಜವಾಗಿ ನಡೆದ ಅನ್ಯಾಯವೊಂದನ್ನು, ಅದನ್ನು ಅನುಭವಿಸಿದವರ ಬಾಯಿಂದಲೇ ಹೇಳಿಸುವ ಚಿತ್ರಕ್ಕೆ ವಾದ್ಯವೃಂದದ ಸಂಗೀತ ಯಾಕೆ ಬೇಕು? ಬೇಕೆಂದರೆ ಎಷ್ಟು ಬೇಕು? ಅದನ್ನು ಹೇಗೆ ರಚಿಸುತ್ತಾರೆ? ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯನ್ನು ಕುರಿತ ಚಿತ್ರಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

1963ರ ಒಂದು ಭಾನುವಾರ

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಕುಡಿಯುವ ನೀರಿನ ನಲ್ಲಿ, ಬಸ್ಸಿನಲ್ಲಿ ಬೇರೆ ಆಸನ ಎಂಬ ಕಟ್ಟಳೆಗಳಿದ್ದವು. ಅವು ಬರಿಯ ರೂಢಿಯಾಗಿರಲಿಲ್ಲ, ಕಾನೂನೇ ಆಗಿದ್ದವು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದವರಿಗೂ ನೂರೆಂಟು ಅಡ್ಡಿಗಳು. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನ ಆಸನವನ್ನು ಬಿಟ್ಟುಕೊಡಲು ನಿರಾಕರಿಸಿದರು. ಅನಂತರ ಅಲ್ಲಿನ ಕಪ್ಪು ಜನರು 381 ದಿನಗಳ ಕಾಲ ಬಸ್ಸು ಹತ್ತದೆ ಪ್ರತಿಭಟಿಸಿದರು. ಅವರ ಮುಂದಾಳಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಗಾಂಧೀಜಿಯವರ ಸತ್ಯಾಗ್ರಹದಿಂದ ಪ್ರೇರಣೆ ಪಡೆದಿದ್ದರು, 1959ರಲ್ಲಿ ನಮ್ಮ ದೇಶಕ್ಕೂ ಬಂದು ಹೋದರು ಎಂಬುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿರಬಹುದು.

1963ರ ಮೇ ತಿಂಗಳಿನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಶಾಲಾ ಮಕ್ಕಳೇ ಹಾಡುತ್ತ ಬೀದಿಗಿಳಿದರು. ಅವರ ಮೇಲೆ ಅಗ್ನಿಶಾಮಕ ದಳದ ಕೊಳವೆಗಳಿಂದ ನೀರು ಹಾಯಿಸಿದ, ಪೊಲೀಸ್ ನಾಯಿಗಳನ್ನು ಛೂ ಬಿಟ್ಟ ದೃಶ್ಯಗಳನ್ನು ಜಗತ್ತೇ ಟೆಲಿವಿಷನ್ನಿನಲ್ಲಿ ನೋಡಿತು. ಮಕ್ಕಳು ಹೊರಟದ್ದು ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ. ಅದೇ ವರ್ಷ ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ 10 ಗಂಟೆ 22 ನಿಮಿಷಕ್ಕೆ ಆ ಚರ್ಚಿನಲ್ಲಿ ಬಾಂಬು ಸಿಡಿಯಿತು. ನಾಲ್ವರು ಹುಡುಗಿಯರು ಸತ್ತರು: ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್ ಮತ್ತು ಡೆನಿಸ್ ಮೆಕ್‌ನೇರ್. ಮೊದಲ ಮೂವರಿಗೆ 14 ವರ್ಷ, ಡೆನಿಸ್‌ಗೆ 11 ವರ್ಷ. ನಿಮ್ಮಲ್ಲಿ ಹಲವರ ವಯಸ್ಸು ಅಥವಾ ನಿಮ್ಮ ತಂಗಿಯ ವಯಸ್ಸು.

ಈ ಘಟನೆಯನ್ನು ಕುರಿತು ನಿರ್ದೇಶಕ ಸ್ಪೈಕ್ ಲೀ 1997ರಲ್ಲಿ 'ಫೋರ್ ಲಿಟಲ್ ಗರ್ಲ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ನಟನಟಿಯರನ್ನು ಹಾಕಿ ಕಥಾಚಿತ್ರ ಮಾಡುವ ಯೋಚನೆ ಅವರಿಗೆ ಮೊದಲು ಇತ್ತು. ಅದನ್ನು ಬಿಟ್ಟು ಸಾಕ್ಷ್ಯಚಿತ್ರವನ್ನೇ ಆರಿಸಿಕೊಂಡರು. ತಂದೆತಾಯಿಗಳು, ಅಕ್ಕತಂಗಿಯರು, ಗೆಳತಿಯರು, ನೆರೆಹೊರೆಯವರು ಮೂವತ್ತು ವರ್ಷಗಳ ಮೇಲೆ ಕ್ಯಾಮೆರಾದ ಮುಂದೆ ಕುಳಿತು ಆ ಮಕ್ಕಳ ಬಗ್ಗೆ ಮಾತನಾಡಿದರು. ಚಿತ್ರಕ್ಕೆ ಹಿನ್ನೆಲೆ ಸಂಗೀತ ಬರೆದವರು ಟೆರೆನ್ಸ್ ಬ್ಲಾಂಚರ್ಡ್. 1962ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಅವರು ಮೂಲತಃ ಜಾಝ್ ಸಂಗೀತದ ಟ್ರಂಪೆಟ್ ವಾದಕರು. 1992ರ 'ಮಾಲ್ಕಂ ಎಕ್ಸ್' ಕಥಾಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ.

ಸಂಗೀತ ಯಾಕೆ ಬೇಕು?

ಹಳೆಯ ಘಟನೆಗಳನ್ನು ಕುರಿತ ಚಿತ್ರದಲ್ಲಿ ನಿರ್ಮಾಪಕನಿಗೆ ಸಿಗುವ ಸಾಮಗ್ರಿ ಸಾಮಾನ್ಯವಾಗಿ ಮೂರು ಬಗೆಯದು: ಈಗ ಚಿತ್ರೀಕರಿಸಿದ ಸಂದರ್ಶನ, ಆ ಕಾಲದ ಸುದ್ದಿಚಿತ್ರದ ತುಣುಕು, ಮತ್ತು ಫೋಟೊಗಳು. ಸಂದರ್ಶನಕ್ಕೆ ಮಾತಿದೆ. ಸುದ್ದಿಚಿತ್ರಕ್ಕೆ ಕೆಲವೊಮ್ಮೆ ಅಲ್ಲಿಯದೇ ಸದ್ದು ಇರುತ್ತದೆ. ಫೋಟೊಗಳಿಗೆ ಏನೂ ಇಲ್ಲ. ಆಲ್ಬಮ್ಮಿನಿಂದ ತೆಗೆದ ಒಂದು ಕಪ್ಪು-ಬಿಳುಪು ಫೋಟೊವನ್ನು ಹತ್ತು ಸೆಕೆಂಡು ಪರದೆಯ ಮೇಲೆ ನಿಲ್ಲಿಸಿದರೆ ಪ್ರೇಕ್ಷಕನ ಗಮನ ಬೇರೆಡೆಗೆ ಹೋಗಬಹುದು. ಅಲ್ಲಿ ಸಂಗೀತ ಅವನನ್ನು ಆ ಮುಖದ ಮೇಲೆ ನೆಲೆ ನಿಲ್ಲಿಸುತ್ತದೆ.

ಎರಡನೆಯದಾಗಿ, ಸಂಗೀತ ಕಾಲವನ್ನು ಕೂಡಿಸುತ್ತದೆ. 1990ರ ದಶಕದ ಬಣ್ಣದ ಸಂದರ್ಶನದಿಂದ 1963ರ ಬೀದಿಗೆ, ಅಲ್ಲಿಂದ ಮನೆಯ ಫೋಟೊಗೆ ಜಿಗಿಯುವಾಗ ಒಂದೇ ಸ್ವರ ಮೂರರ ಕೆಳಗೂ ಹರಿದರೆ ಜಿಗಿತ ಗೊತ್ತಾಗುವುದಿಲ್ಲ. ಮೂರನೆಯದಾಗಿ, ಒಂದೂವರೆ ಗಂಟೆಗೂ ಮಿಕ್ಕಿದ ದುಃಖದ ಮಾತುಗಳ ನಡುವೆ ಪ್ರೇಕ್ಷಕನಿಗೆ ಕೇಳಿದ್ದನ್ನು ಅರಗಿಸಿಕೊಳ್ಳಲು ಸ್ವಲ್ಪ ಸಮಯ ಬೇಕು. ಆ ಸಮಯವನ್ನು ಸಂಗೀತ ಕೊಡುತ್ತದೆ.

ಈ ಮೂರೂ ಒಳ್ಳೆಯ ಕೆಲಸಗಳು. ನಾಲ್ಕನೆಯದೊಂದಿದೆ, ಅದು ಅಪಾಯದ್ದು: 'ಈಗ ಅಳಿ, ಈಗ ಸಿಟ್ಟಾಗಿ' ಎಂದು ಪ್ರೇಕ್ಷಕನಿಗೆ ಅಪ್ಪಣೆ ಕೊಡುವುದು. ವಾದ್ಯವೃಂದಕ್ಕೆ ಅಂಥ ಶಕ್ತಿ ಇದೆ. ನಲವತ್ತು ಪಿಟೀಲು, ಸೆಲ್ಲೊಗಳು ಒಟ್ಟಿಗೆ ಏರಿದರೆ ಪರದೆಯ ಮೇಲೆ ಏನಿದ್ದರೂ ಗಂಟಲು ಕಟ್ಟುತ್ತದೆ. ಆದರೆ ಹಾಗೆ ಬಂದ ಕಣ್ಣೀರು ಆ ನಾಲ್ವರು ಮಕ್ಕಳಿಗಾಗಿ ಬಂದದ್ದೋ ಪಿಟೀಲಿಗಾಗಿ ಬಂದದ್ದೋ? ಈ ಕೆಲಸಕ್ಕಿಳಿದ ಸಂಗೀತಗಾರ ಪ್ರತಿ ಹೆಜ್ಜೆಯಲ್ಲೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುತ್ತದೆ.

ಮೊದಲ ಹೆಜ್ಜೆ: ಜಾಗ ಗುರುತಿಸುವುದು

ಇಂಥ ಚಿತ್ರಕ್ಕೆ ಸಂಗೀತ ರಚಿಸುವ ಕೆಲಸ ನಿಮ್ಮದೇ ಎಂದು ಭಾವಿಸಿ. ಸಂಕಲನ ಬಹುಪಾಲು ಮುಗಿದ ಮೇಲೆ ನಿಮ್ಮನ್ನು ಕರೆಯುತ್ತಾರೆ. ನಿರ್ದೇಶಕರು, ಸಂಕಲನಕಾರರು ಮತ್ತು ನೀವು ಕುಳಿತು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸಿ ನಿಲ್ಲಿಸಿ ನೋಡುತ್ತೀರಿ. ಚಿತ್ರದ ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡು, ಫ್ರೇಮುಗಳನ್ನು ತೋರಿಸುವ ಅಂಕಿಗಳು ಓಡುತ್ತಿರುತ್ತವೆ. ಇದಕ್ಕೆ ಟೈಮ್ ಕೋಡ್ ಎನ್ನುತ್ತಾರೆ. ಸಂಗೀತ ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂಬುದನ್ನು ಈ ಅಂಕಿಗಳ ಸಹಿತ ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತೀರಿ. ಹೀಗೆ ಗುರುತಿಸಿದ ಒಂದೊಂದು ಸಂಗೀತದ ತುಂಡಿಗೂ 'ಕ್ಯೂ' ಎಂದು ಹೆಸರು. ಮುಂದಿನ ಕೆಲಸವೆಲ್ಲ ಈ ಪಟ್ಟಿಯ ಮೇಲೆ ನಿಂತಿರುತ್ತದೆ.

ಸಾಕ್ಷ್ಯಚಿತ್ರದಲ್ಲಿ ಈ ಪಟ್ಟಿಗೆ ಇನ್ನೊಂದು ಅಂಕಣ ಬೇಕು: 'ಸಂಗೀತ ಬೇಡದ ಜಾಗಗಳು'. ಉದಾಹರಣೆಗೆ, 1965ರ ಮಾರ್ಚ್ 7ರಂದು ಸೆಲ್ಮಾ ಪಟ್ಟಣದ ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ, ಮತದಾನದ ಹಕ್ಕಿಗಾಗಿ ನಡೆದು ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಆ ಸುದ್ದಿಚಿತ್ರಕ್ಕೆ ತನ್ನದೇ ಧ್ವನಿಯಿದೆ: ಚದುರಲು ಕೊಟ್ಟ ಆಜ್ಞೆ, ಬೂಟಿನ ಸದ್ದು, ಚೀರಾಟ. ಅದೂ ಸಾಕ್ಷ್ಯವೇ. ಅದರ ಮೇಲೆ ನಗಾರಿ, ಟ್ರಂಪೆಟ್ ಹಾಕಿದರೆ ನಿಜವಾಗಿ ಬಿದ್ದ ಪೆಟ್ಟು ಸಿನಿಮಾದ ಹೊಡೆದಾಟದಂತೆ ಕಾಣುತ್ತದೆ. ಅಲ್ಲಿ ಸಂಗೀತಗಾರ ಕೈಕಟ್ಟಿ ಕೂರುವುದೇ ಸರಿ.

'ಫೋರ್ ಲಿಟಲ್ ಗರ್ಲ್ಸ್' ಚಿತ್ರದ ಆರಂಭದಲ್ಲಿ ಮಕ್ಕಳ ಸಮಾಧಿಗಳ ದೃಶ್ಯದೊಂದಿಗೆ ಜೋನ್ ಬಯೆಜ್ ಹಾಡಿದ 'ಬರ್ಮಿಂಗ್‌ಹ್ಯಾಮ್ ಸಂಡೇ' ಎಂಬ ಹಾಡು ಬರುತ್ತದೆ. ಅದೇ ಘಟನೆಯ ಮೇಲೆ, ಅದೇ ಕಾಲದಲ್ಲಿ ಕಟ್ಟಿದ ಹಾಡು ಅದು. ಹೀಗೆ ಚಿತ್ರದಲ್ಲಿ ಮೊದಲೇ ಒಂದು ಹಾಡು ಬಂದು ಕುಳಿತಿದ್ದರೆ ವಾದ್ಯವೃಂದದ ಕೆಲಸ ಬದಲಾಗುತ್ತದೆ. ಸತ್ತದ್ದನ್ನು ಹಾಡು ಹೇಳಿಯಾಯಿತು. ಹಾಗಾದರೆ ಆ ಮಕ್ಕಳು ಬದುಕಿದ್ದಾಗ ಹೇಗಿದ್ದರು ಎಂಬುದರ ಜೊತೆ ವಾದ್ಯಗಳು ಹೋಗಬಹುದಲ್ಲವೇ?

ಕಾಲದ ಲೆಕ್ಕ

ಇನ್ನು ಸ್ವಲ್ಪ ಗಣಿತ. ಹೆದರಬೇಡಿ, ತ್ರೈರಾಶಿ ಬಂದರೆ ಸಾಕು.

ಮಕ್ಕಳ ಫೋಟೊಗಳ ಒಂದು ಭಾಗ 1 ನಿಮಿಷ 24 ಸೆಕೆಂಡು, ಅಂದರೆ 84 ಸೆಕೆಂಡು ಇದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 60 ಮಾತ್ರೆಗಳ ವೇಗದಲ್ಲಿ ಬರೆದರೆ ಸೆಕೆಂಡಿಗೊಂದು ಮಾತ್ರೆ, ಒಟ್ಟು 84 ಮಾತ್ರೆ. ನಾಲ್ಕು ಮಾತ್ರೆಗೆ ಒಂದು ಆವರ್ತವಾದರೆ ಸರಿಯಾಗಿ 21 ಆವರ್ತ. ಈ ಭಾಗದಲ್ಲಿ 31ನೆಯ ಸೆಕೆಂಡು ಮುಗಿದಾಗ ಡೆನಿಸ್‌ಳ ಫೋಟೊ ಬರುತ್ತದೆ. ಅಲ್ಲಿ ಹೊಸ ಆವರ್ತ ಆರಂಭವಾಗಬೇಕು, ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಸಮ' ಬೀಳಬೇಕು ಎಂಬುದು ನಿಮ್ಮ ಬಯಕೆ. ಆದರೆ 31 ಸೆಕೆಂಡಿಗೆ 31 ಮಾತ್ರೆಗಳಷ್ಟೇ ಮುಗಿದಿರುತ್ತವೆ. ಎಂಟನೆಯ ಆವರ್ತದಲ್ಲಿ ಇನ್ನೂ ಒಂದು ಮಾತ್ರೆ ಬಾಕಿ. ಏನು ಮಾಡುವುದು? 31 ಸೆಕೆಂಡಿನಲ್ಲಿ 32 ಮಾತ್ರೆ ಮುಗಿಯುವಂತೆ ವೇಗವನ್ನು ಹೆಚ್ಚಿಸಿ: 32ನ್ನು 31ರಿಂದ ಭಾಗಿಸಿ 60ರಿಂದ ಗುಣಿಸಿದರೆ ಸುಮಾರು 62. ನಿಮಿಷಕ್ಕೆ 60ರ ಬದಲು 62 ಮಾತ್ರೆ. ಕೇಳುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ, ಸಮ ಮಾತ್ರ ಫೋಟೊದ ಮೇಲೆಯೇ ಬೀಳುತ್ತದೆ.

ಸಮ ಬಿದ್ದಾಗ ಏನು ನುಡಿಸಬೇಕು ಎಂಬುದು ಬೇರೆ ಮಾತು. ಅನುಭವವಿಲ್ಲದವರು ಅಲ್ಲಿ ಎಲ್ಲ ವಾದ್ಯಗಳನ್ನೂ ಒಟ್ಟಿಗೆ ಎಬ್ಬಿಸುತ್ತಾರೆ. ಪಳಗಿದವರು ಅಲ್ಲಿ ವಾದ್ಯಗಳನ್ನು ಕಡಿಮೆ ಮಾಡುವುದೂ ಉಂಟು. ಏಳು ಸ್ವರಗಳು ನಿಂತು ಒಂದೇ ಉಳಿದರೆ ಕಣ್ಣು ತಾನಾಗಿ ಆ ಮುಖದ ಕಡೆ ಹೋಗುತ್ತದೆ.

ಇಷ್ಟಾದ ಮೇಲೆ ಸಂಕಲನಕಾರರಿಂದ ಕರೆ ಬರುತ್ತದೆ: 'ಎರಡು ಫೋಟೊ ತೆಗೆದಿದ್ದೇವೆ, ಆರು ಸೆಕೆಂಡು ಕಡಿಮೆಯಾಗಿದೆ.' ಈ ಕರೆ ಬಾರದ ಚಿತ್ರವೇ ಇಲ್ಲ! ಈಗ 78 ಸೆಕೆಂಡು ಮಾತ್ರ. ಮೊದಲಿನ 60ರ ವೇಗದಲ್ಲಾದರೆ 19 ಆವರ್ತ ಮುಗಿದು ಎರಡು ಮಾತ್ರೆ ಉಳಿಯುತ್ತದೆ. ಆಗ ಎಲ್ಲೋ ಒಂದು ಕಡೆ ಎರಡೇ ಮಾತ್ರೆಯ ಗಿಡ್ಡ ಆವರ್ತ ಸೇರಿಸಬಹುದು. ಇಲ್ಲವೇ 21 ಆವರ್ತಗಳನ್ನೂ ಉಳಿಸಿಕೊಂಡು ವೇಗವನ್ನು ಸುಮಾರು 64.6ಕ್ಕೆ ಏರಿಸಬಹುದು. ಮಾತು ಮುಗಿಯುವ ಜಾಗ, ಫೋಟೊ ಬದಲಾಗುವ ಜಾಗ ಎರಡನ್ನೂ ನೋಡಿ ನಿರ್ಧಾರ ಮಾಡಬೇಕು.

ಧ್ವನಿಮುದ್ರಣದ ಹೊತ್ತಿಗೆ ಈ ಲೆಕ್ಕವನ್ನು ವಾದಕರ ಕಿವಿಗೆ ಮುಟ್ಟಿಸಲು 'ಕ್ಲಿಕ್' ಎಂಬ ಉಪಾಯವಿದೆ. ಸಿನಿಮಾ ಫಿಲಂ ಸೆಕೆಂಡಿಗೆ 24 ಫ್ರೇಮುಗಳಂತೆ ಓಡುತ್ತದೆ. 20 ಫ್ರೇಮಿಗೊಮ್ಮೆ 'ಟಿಕ್' ಎಂಬ ಸದ್ದು ಬಂದರೆ ನಿಮಿಷಕ್ಕೆ 72 ಮಾತ್ರೆ. ವಾದಕರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಈ ಟಿಕ್‌ಗೆ ಸರಿಯಾಗಿ ನುಡಿಸುತ್ತಾರೆ. ಪಾಠ ಹೇಳುವ ಮೇಷ್ಟರು ಕೈಯಲ್ಲಿ ತಾಳ ಹಾಕುವ ಕೆಲಸವನ್ನೇ ಇಲ್ಲಿ ಯಂತ್ರ ಮಾಡುತ್ತದೆ. ಆದರೆ ದುಃಖದ ಭಾಗಗಳಲ್ಲಿ ಯಂತ್ರದ ತಾಳ ಸಂಗೀತವನ್ನು ಒಣಗಿಸುತ್ತದೆ ಎನ್ನುವ ಸಂಗೀತಗಾರರು ಕ್ಲಿಕ್ ಬಿಟ್ಟು, ಪರದೆ ಮತ್ತು ಗಡಿಯಾರ ನೋಡುತ್ತ ಕೈಯಲ್ಲೇ ನಿರ್ದೇಶಿಸುತ್ತಾರೆ.

ಮಾತಿಗೆ ಜಾಗ ಬಿಡುವುದು

ಈಗ ಅತ್ಯಂತ ಕಷ್ಟದ ಭಾಗ. ಚಿತ್ರದಲ್ಲಿ ಡೆನಿಸ್‌ಳ ತಂದೆ ಕ್ರಿಸ್ ಮೆಕ್‌ನೇರ್ ಒಂದು ನೆನಪನ್ನು ಹೇಳುತ್ತಾರೆ. ಅಂಗಡಿಯೊಂದರ ತಿಂಡಿ ಕೌಂಟರಿನಲ್ಲಿ ಮಗಳು ಸ್ಯಾಂಡ್‌ವಿಚ್ ಬೇಕೆಂದಳು. 'ನೀನು ಕಪ್ಪು ಹುಡುಗಿ, ಅದಕ್ಕೇ ಇಲ್ಲಿ ನಿನಗೆ ಕೊಡುವುದಿಲ್ಲ' ಎಂಬುದನ್ನು ತಂದೆಯೇ ಆ ಮಗುವಿಗೆ ಹೇಳಬೇಕಾಯಿತು. ಬಾಂಬಿಗೂ ಮೊದಲಿನ, ಸದ್ದಿಲ್ಲದ ಗಾಯ ಅದು. ಇಂಥ ಮಾತಿನ ಕೆಳಗೆ ಸಂಗೀತ ಇರಬೇಕೇ? ಇದ್ದರೆ ಹೇಗಿರಬೇಕು?

ಭೌತಶಾಸ್ತ್ರ ಒಂದಿಷ್ಟು ದಾರಿ ತೋರಿಸುತ್ತದೆ. ಮಾತನಾಡುವಾಗ ಗಂಡಸರ ದನಿಯ ಮೂಲ ಆವೃತ್ತಿ ಸುಮಾರು 85ರಿಂದ 180 ಹರ್ಟ್ಸ್, ಹೆಂಗಸರದು ಸುಮಾರು 165ರಿಂದ 255 ಹರ್ಟ್ಸ್. 'ಸ', 'ತ', 'ಕ' ಮೊದಲಾದ ವ್ಯಂಜನಗಳನ್ನು ಗುರುತಿಸಲು ಬೇಕಾದ ಸದ್ದು ಬಹುಪಾಲು ಅದಕ್ಕಿಂತ ತುಂಬ ಮೇಲೆ, 2,000 ಹರ್ಟ್ಸ್‌ನಿಂದ ಆಚೆಗೆ ಇರುತ್ತದೆ. ಈಗ ವಾದ್ಯಗಳನ್ನು ನೋಡಿ. ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್, ಸೆಲ್ಲೊದ್ದು 65, ವಯೋಲಾದ್ದು 131, ಪಿಟೀಲಿನದು 196. ಅಂದರೆ ವಯೋಲಾ ಮತ್ತು ಪಿಟೀಲುಗಳ ಕೆಳ ತಂತಿಗಳು ಮನುಷ್ಯನ ದನಿಯ ಜಾಗದಲ್ಲೇ ಬಂದು ಕೂರುತ್ತವೆ. ಮೇಲಿನ ಸ್ಥಾಯಿಯ ಜೋರಾದ ಪಿಟೀಲು, ಕಂಚಿನ ತಾಳದಂಥ ಸಿಂಬಲ್‌ಗಳು ವ್ಯಂಜನಗಳನ್ನು ನುಂಗಿಹಾಕುತ್ತವೆ. 'ಮಾತು ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ' ಎಂದು ಪ್ರೇಕ್ಷಕರು ದೂರುವುದಕ್ಕೆ ಇದೇ ಒಂದು ಕಾರಣ.

ಆದ್ದರಿಂದ ಮಾತಿನ ಕೆಳಗಿನ ಸಂಗೀತಕ್ಕೆ ಕೆಲವು ನಿಯಮಗಳಿವೆ. ವಾದ್ಯಗಳು ಕಡಿಮೆಯಿರಲಿ. ಡಬಲ್ ಬಾಸ್ ಕೆಳಗೆ ಒಂದು ಉದ್ದ ಸ್ವರ ಹಿಡಿಯಲಿ, ಬೇಕಿದ್ದರೆ ಮೇಲೆ ಒಂದೆರಡು ಪಿಟೀಲುಗಳು ತೀರ ಮೆಲ್ಲಗೆ ನುಡಿಯಲಿ, ನಡುವಿನ ಕಿಟಕಿ ಮಾತಿಗೆ ತೆರೆದಿರಲಿ. ಸ್ವರಗಳು ಬೇಗ ಬೇಗ ಬದಲಾಗದಿರಲಿ. ನಮ್ಮ ಕಿವಿ ಬದಲಾವಣೆಯ ಹಿಂದೆ ಓಡುತ್ತದೆ, ಮಾತು ತಪ್ಪಿಹೋಗುತ್ತದೆ. ಒಂದು ಪದದ ಮೇಲೆ ಸಂಗೀತವನ್ನು ಆರಂಭಿಸಬಾರದು. ಹೇಳುವವರು ಉಸಿರು ತೆಗೆದುಕೊಳ್ಳುವಾಗ ಆರಂಭಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾತಿನ ನಡುವಿನ ಮೌನವನ್ನು ತುಂಬಬಾರದು. ಮಗಳ ವಿಷಯ ಹೇಳುತ್ತ ತಂದೆ ಎರಡು ಕ್ಷಣ ಸುಮ್ಮನಾದರೆ ಆ ಎರಡು ಕ್ಷಣವೂ ಆತನ ಮಾತೇ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಲವು ವರ್ಷಗಳ ಹಿಂದೆ, ಈ ಕೆಲಸಕ್ಕೆ ಹೊಸಬನಾಗಿದ್ದಾಗ, ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ವಯಸ್ಸಾದ ತಾಯಿಯೊಬ್ಬರ ಮಾತುಗಳನ್ನು ಚಿತ್ರೀಕರಿಸಿದ್ದೆ. ಚಿಕ್ಕಂದಿನಲ್ಲಿ ತಮ್ಮ ಕೇರಿಯವರಿಗೆ ಹೋಟೆಲಿನ ಒಳಗೆ ಪ್ರವೇಶವಿಲ್ಲದೆ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿಯಬೇಕಾಗಿದ್ದ ಸಂಗತಿಯನ್ನು ಅವರು ಹೇಳಿದ್ದರು. ಅವರ ದನಿ ಸಮನಾಗಿತ್ತು, ಎಲ್ಲೂ ನಡುಗಲಿಲ್ಲ. ನನಗೆ ಅದು ಸಾಲದೆನಿಸಿತು. ಸ್ಟುಡಿಯೊದಲ್ಲಿ ಕುಳಿತು ಆ ಮಾತಿನ ಕೆಳಗೆ ಕರುಣರಸದ ಪಿಟೀಲು ಹಾಕಿಸಿದೆ. ಮಾತು ಕೇಳಿಸಲೆಂದು ಮಟ್ಟವನ್ನೂ ಇಳಿಸಿದೆ. ಲೆಕ್ಕದ ಪ್ರಕಾರ ಎಲ್ಲವೂ ಸರಿಯಿತ್ತು.

ಚಿತ್ರವನ್ನು ಅದೇ ಹಳ್ಳಿಯ ಶಾಲೆಯಲ್ಲಿ ತೋರಿಸಿದೆವು. ಮುಗಿದ ಮೇಲೆ ಆ ತಾಯಿ ನನ್ನನ್ನು ಹತ್ತಿರ ಕರೆದು ಕೇಳಿದರು: 'ತಮ್ಮಾ, ಅವತ್ತ ನಾ ಅತ್ತಿದ್ದಿಲ್ಲ. ಆ ಪಿಟೀಲ್ ಯಾಕ ಅಳಾಕ ಹತ್ತಿತ್ತು?'

ನನ್ನಲ್ಲಿ ಉತ್ತರವಿರಲಿಲ್ಲ. ಅಳದೆ ಹೇಳಬೇಕೆಂದು ಅವರು ನಿರ್ಧರಿಸಿದ್ದರು. ಅದು ಅವರ ಗಟ್ಟಿತನ. ಅದನ್ನು ನಾನು ಪಿಟೀಲಿನಿಂದ ಅಳಿಸಿಹಾಕಿದ್ದೆ. ಊರಿಗೆ ಮರಳಿದ ಮೇಲೆ ಆ ಸಂಗೀತವನ್ನು ತೆಗೆಸಿದೆ. ಅಂದಿನಿಂದ ಸಂಗೀತದ ಕಾಗದ ಮುಂದಿಟ್ಟುಕೊಂಡಾಗಲೆಲ್ಲ ಅವರ ಪ್ರಶ್ನೆ ನೆನಪಾಗುತ್ತದೆ.

ಚಳವಳಿಯ ಹಾಡು ಬಳಸಬಹುದೇ?

ನಾಗರಿಕ ಹಕ್ಕುಗಳ ಚಳವಳಿ ಹಾಡಿನ ಚಳವಳಿಯೂ ಆಗಿತ್ತು. 'ಹಮ್ ಹೋಂಗೆ ಕಾಮ್ಯಾಬ್' ಎಂದು ನೀವು ಶಾಲೆಯಲ್ಲಿ ಹಾಡಿರುವ ಗೀತೆಯ ಮೂಲ ಆ ಚಳವಳಿಯ 'ವಿ ಶಲ್ ಓವರ್‌ಕಮ್'. ಹಿಂದಿಗೆ ತಂದವರು ಕವಿ ಗಿರಿಜಾಕುಮಾರ್ ಮಾಥುರ್. ಚರ್ಚಿನ ಹಾಡಿನಿಂದ ಬೆಳೆದ ಅದನ್ನು 1945-46ರಲ್ಲಿ ಚಾರ್ಲ್ಸ್‌ಟನ್ ನಗರದ ತಂಬಾಕು ಕಾರ್ಖಾನೆಯ ಕಾರ್ಮಿಕರು ಮುಷ್ಕರದಲ್ಲಿ ಹಾಡಿದರು. 1960ರ ಹೊತ್ತಿಗೆ ಅದು ವಿದ್ಯಾರ್ಥಿಗಳ ಬಾಯಿಗೆ ಬಂತು. ಇಂಥ ಧಾಟಿಯನ್ನು ಪಿಟೀಲುಗಳಲ್ಲಿ ನುಡಿಸಿದರೆ ಪ್ರೇಕ್ಷಕರಿಗೆ ಕೂಡಲೇ ಗುರುತು ಸಿಗುತ್ತದೆ. ಅದೇ ಅದರ ಗುಣ, ಅದೇ ದೋಷ. ಬೀದಿಯಲ್ಲಿ ಕೈಕೈ ಹಿಡಿದು ಹಾಡಿದ ಹಾಡು, ಮಾತು ಕಳೆದುಕೊಂಡು ನಯವಾದ ವಾದ್ಯಗಳಲ್ಲಿ ಬಂದರೆ ಉತ್ಸವದ ಸಂಗೀತದಂತೆ ಆಗಿಬಿಡುವ ಸಂಭವವಿದೆ. ಹಳೆಯ ಧ್ವನಿಮುದ್ರಿಕೆಯಲ್ಲಿ ಜನರೇ ಹಾಡಿದ್ದು ಸಿಕ್ಕರೆ ಅದನ್ನೇ ಕೇಳಿಸಿ ವಾದ್ಯವೃಂದ ಪಕ್ಕಕ್ಕೆ ನಿಲ್ಲುವುದು ಮೇಲು.

ಇದರಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ಈ ಚಳವಳಿಯ ಬಗ್ಗೆ ಬಂದ ಅತಿ ಪ್ರಸಿದ್ಧ ಧಾರಾವಾಹಿ ಸಾಕ್ಷ್ಯಚಿತ್ರ 'ಐಸ್ ಆನ್ ದಿ ಪ್ರೈಜ್'. ಹೆನ್ರಿ ಹ್ಯಾಂಪ್ಟನ್ ನಿರ್ಮಿಸಿದ ಇದರ ಮೊದಲ 6 ಕಂತುಗಳು 1987ರಲ್ಲೂ ಮುಂದಿನ 8 ಕಂತುಗಳು 1990ರಲ್ಲೂ ಪ್ರಸಾರವಾದವು. ಅದರಲ್ಲಿ ಬಳಸಿದ ಹಳೆಯ ಚಿತ್ರಗಳಿಗೂ ಹಾಡುಗಳಿಗೂ ಅವಧಿ ಮಿತಿಯ ಅನುಮತಿ ಪಡೆಯಲಾಗಿತ್ತು. ಆ ಅವಧಿ ಮುಗಿದಾಗ, 1990ರ ದಶಕದ ನಡುವಿನಿಂದ ಚಿತ್ರವನ್ನು ಮತ್ತೆ ಪ್ರಸಾರ ಮಾಡುವಂತಿರಲಿಲ್ಲ. ಅನುಮತಿಗಳನ್ನೆಲ್ಲ ಹೊಸದಾಗಿ ಪಡೆದು ಅದು ಮತ್ತೆ ಟೆಲಿವಿಷನ್ನಿಗೆ ಬಂದದ್ದು 2006ರಲ್ಲಿ. ಅಷ್ಟು ಕಾಲ ಒಂದು ದೇಶದ ಹೋರಾಟದ ನೆನಪು ಪೆಟ್ಟಿಗೆಯಲ್ಲಿ ಕುಳಿತಿತ್ತು! 'ವಿ ಶಲ್ ಓವರ್‌ಕಮ್' ಹಾಡೇ ಕೃತಿಸ್ವಾಮ್ಯದಿಂದ ಬಿಡುಗಡೆಯಾಗಿ ಎಲ್ಲರದಾದದ್ದು 2018ರಲ್ಲಿ, ನ್ಯಾಯಾಲಯದಲ್ಲಿ ದಾವೆ ನಡೆದ ಮೇಲೆ. ಚಿತ್ರಕ್ಕೆಂದೇ ಹೊಸ ಸಂಗೀತ ಬರೆಸುವುದರ ಲಾಭ ಇಲ್ಲಿ ಕಾಣುತ್ತದೆ: ಅದರ ಹಕ್ಕನ್ನು ಆರಂಭದಲ್ಲೇ ನಿರ್ಮಾಪಕರು ಒಪ್ಪಂದ ಮಾಡಿಕೊಳ್ಳಬಹುದು, ಚಿತ್ರ ಮುಂದೆ ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ.

ವಾದ್ಯವೃಂದದಲ್ಲಿ ಯಾರು ಕೂರುತ್ತಾರೆ?

ಇನ್ನೊಂದು ವಿಷಯವನ್ನು ನೀವು ಗಮನಿಸಬೇಕು. ಚಳವಳಿಯ ಕಾಲದಲ್ಲಿ ಅಮೆರಿಕದ ದೊಡ್ಡ ವಾದ್ಯವೃಂದಗಳಲ್ಲಿ ಕಪ್ಪು ವಾದಕರಿಗೆ ಜಾಗ ಸಿಗುತ್ತಿದ್ದುದು ತೀರ ಅಪರೂಪ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ತಾರತಮ್ಯ ಮಾಡುತ್ತಿದೆ ಎಂದು 1969ರಲ್ಲಿ ಇಬ್ಬರು ಕಪ್ಪು ವಾದಕರು ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟಿದ್ದರು. ತಿಂಡಿ ಕೌಂಟರಿನ ಮುಂದಿದ್ದ ಗೋಡೆ ಸಂಗೀತ ಸಭಾಂಗಣದ ಮುಂದೆಯೂ ಇತ್ತು.

ಈ ಹಿನ್ನೆಲೆಯಲ್ಲಿ ಕೋಲ್‌ರಿಜ್-ಟೇಲರ್ ಪರ್ಕಿನ್‌ಸನ್ ಅವರ ಹೆಸರನ್ನು ನೆನೆಯಬೇಕು. 1932ರಲ್ಲಿ ಹುಟ್ಟಿದ ಅವರಿಗೆ ತಾಯಿ ಇಟ್ಟದ್ದು ಇಂಗ್ಲೆಂಡಿನ ಆಫ್ರಿಕನ್ ಮೂಲದ ಸಂಗೀತ ರಚನಕಾರ ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ಅವರ ಹೆಸರನ್ನು. 1965ರಲ್ಲಿ ನ್ಯೂಯಾರ್ಕಿನಲ್ಲಿ ಕಪ್ಪು ಮತ್ತು ಬಿಳಿಯ ವಾದಕರು ಜೊತೆಗೆ ಕೂತು ನುಡಿಸುವ 'ಸಿಂಫನಿ ಆಫ್ ದಿ ನ್ಯೂ ವರ್ಲ್ಡ್' ಎಂಬ ವಾದ್ಯವೃಂದವನ್ನು ಕಟ್ಟಿದವರಲ್ಲಿ ಅವರೊಬ್ಬರು. ಕಿಂಗ್ ಅವರ ಹತ್ಯೆಯಾದ ಎರಡು ವರ್ಷಕ್ಕೆ, 1970ರಲ್ಲಿ, ಬಹುಪಾಲು ಹಳೆಯ ಸುದ್ದಿಚಿತ್ರಗಳಿಂದ ಹೆಣೆದ ಮೂರು ಗಂಟೆಯ 'ಕಿಂಗ್: ಎ ಫಿಲ್ಮ್ಡ್ ರೆಕಾರ್ಡ್, ಮಾಂಟ್‌ಗೊಮರಿ ಟು ಮೆಂಫಿಸ್' ಚಿತ್ರ ಬಂದಾಗ ಅದಕ್ಕೆ ಸಂಗೀತ ಕೊಟ್ಟವರು ಅವರೇ. ಬ್ಲಾಂಚರ್ಡ್ ಅವರ ವಿಷಯಕ್ಕೆ ಬಂದರೆ, 1883ರಲ್ಲಿ ಆರಂಭವಾದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಕಪ್ಪು ರಚನಕಾರರೊಬ್ಬರ ಕೃತಿ ಮೊದಲ ಬಾರಿಗೆ ರಂಗಕ್ಕೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಆ ಕೃತಿ ಅವರದು. ನಾಗರಿಕ ಹಕ್ಕುಗಳ ಚಿತ್ರಕ್ಕೆ ಯಾರು ಸಂಗೀತ ಬರೆಯುತ್ತಾರೆ, ಯಾರು ನುಡಿಸುತ್ತಾರೆ ಎಂಬುದೂ ಆ ಚರಿತ್ರೆಯ ಒಂದು ಭಾಗವೇ ಆಗಿದೆ.

ಕೊನೆಯ ಹೆಜ್ಜೆ: ಮಿಶ್ರಣ

ಬರೆದ ಸಂಗೀತವನ್ನು ಪ್ರತಿ ವಾದ್ಯಕ್ಕೂ ಬೇರೆ ಬೇರೆ ಹಾಳೆಗಳಲ್ಲಿ ಪ್ರತಿ ತೆಗೆದು, ವಾದಕರನ್ನು ಕೂಡಿಸಿ, ಪರದೆಯ ಮೇಲೆ ಚಿತ್ರ ಓಡಿಸುತ್ತ ಮುದ್ರಿಸುತ್ತಾರೆ. ಅನಂತರ ಮಾತು, ಸ್ಥಳದ ಸದ್ದು, ಸಂಗೀತ ಮೂರನ್ನೂ ಹದವಾಗಿ ಬೆರೆಸುತ್ತಾರೆ. ಸಂಗೀತದ ಮಟ್ಟವನ್ನು 10 ಡೆಸಿಬೆಲ್ ಇಳಿಸಿದರೆ ಕಿವಿಗೆ ಅದು ಸುಮಾರು ಅರ್ಧದಷ್ಟು ಮೆಲ್ಲಗಾದಂತೆ ಕೇಳಿಸುತ್ತದೆ. ತಿಂಗಳುಗಟ್ಟಲೆ ದುಡಿದು ಬರೆದದ್ದನ್ನು ಹೀಗೆ ಅರ್ಧಕ್ಕೆ, ಕಾಲಿಗೆ ಇಳಿಸುವಾಗ, ಕೆಲವೆಡೆ ಪೂರ್ತಿ ತೆಗೆದೇ ಹಾಕುವಾಗ ಸಂಗೀತಗಾರನಿಗೆ ಕರುಳು ಚುರುಕ್ಕೆನ್ನುತ್ತದೆ. ಆದರೂ ಒಳ್ಳೆಯ ಸಂಗೀತಗಾರ ಆ ಕೋಣೆಯಲ್ಲಿ ಕುಳಿತು, 'ಇಲ್ಲಿ ನನ್ನದು ಬೇಡ, ಅವರ ಮಾತಿರಲಿ' ಎಂದು ತಾನೇ ಹೇಳುತ್ತಾನೆ.

ಜಾಝ್ ವಾದಕ ಜಾನ್ ಕೋಲ್ಟ್ರೇನ್ ಬರ್ಮಿಂಗ್‌ಹ್ಯಾಮ್ ಘಟನೆಯಾದ ಎರಡು ತಿಂಗಳಿಗೆ, 1963ರ ನವೆಂಬರ್ 18ರಂದು, 'ಅಲಬಾಮಾ' ಎಂಬ ಕೃತಿಯನ್ನು ಮುದ್ರಿಸಿದರು. ನಾಲ್ಕೇ ವಾದ್ಯ, ಸುಮಾರು ಐದು ನಿಮಿಷ, ಮಾತಿಲ್ಲ. ಸಿಕ್ಕಿದರೆ ಕೇಳಿ. ದೊಡ್ಡ ದುಃಖಕ್ಕೆ ದೊಡ್ಡ ಸದ್ದೇ ಬೇಕೆಂದಿಲ್ಲ ಎಂಬುದು ಮನಸ್ಸಿಗೆ ಬರುತ್ತದೆ.

ಆ ನಾಲ್ವರು ಮಕ್ಕಳ ಸಾವಿಗೆ ಕಾರಣರಾದವರಲ್ಲಿ ಒಬ್ಬನಿಗೆ 1977ರಲ್ಲಿ ಶಿಕ್ಷೆಯಾಯಿತು. ಉಳಿದ ಇಬ್ಬರಿಗೆ ಆದದ್ದು 2001 ಮತ್ತು 2002ರಲ್ಲಿ, ಸುಮಾರು ನಾಲ್ಕು ದಶಕಗಳ ನಂತರ. ನಾಲ್ಕನೆಯ ಶಂಕಿತ ವಿಚಾರಣೆಯಿಲ್ಲದೆಯೇ 1994ರಲ್ಲಿ ಸತ್ತುಹೋದ. ಅಷ್ಟೂ ವರ್ಷ ತಂದೆತಾಯಿಗಳು ಸಾಕ್ಷಿಗಳಾಗಿ ಕಾದರು. ಅಷ್ಟು ಕಾದವರು ಕೊನೆಗೆ ಬಾಯಿ ತೆರೆದಾಗ ಅವರ ಮಾತು ನಮಗೆ ಸ್ಪಷ್ಟವಾಗಿ ಕೇಳಿಸಬೇಕು. ವಾದ್ಯವೃಂದ ಅದಕ್ಕೆ ನೆರವಾದರೆ ಸಾಕು.

ಮುಂದಿನ ಸಲ ಸಾಕ್ಷ್ಯಚಿತ್ರ ನೋಡುವಾಗ ಒಂದು ಕಾಗದ, ಒಂದು ಗಡಿಯಾರ ಇಟ್ಟುಕೊಳ್ಳಿ. ಸಂಗೀತ ಆರಂಭವಾದ ಹೊತ್ತು, ನಿಂತ ಹೊತ್ತು, ಆಗ ಯಾರು ಮಾತನಾಡುತ್ತಿದ್ದರು ಎಂಬುದನ್ನು ಬರೆದುಕೊಳ್ಳಿ. ಪ್ರತಿಯೊಂದರ ಮುಂದೆಯೂ ಹಳ್ಳಿಯ ಆ ತಾಯಿಯ ಪ್ರಶ್ನೆಯನ್ನು ಕೇಳಿಕೊಳ್ಳಿ. ನಿಮಗೆ ಸಿಗುವ ಉತ್ತರಗಳನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ.